ಗಾಡಿಯೇ ಮನೆಯಾದಾಗ ಇರುಳು ನಿಲ್ಲುವುದೆಲ್ಲಿ?

(ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಈ ತಿಂಗಳ ಕೂಟದಲ್ಲಿ ಮಾತನಾಡುವ ಸರದಿ ನಮ್ಮದೆಂದು ಕಾರ್ಯದರ್ಶಿಗಳು ತಿಳಿಸಿದಾಗ, ದಾಸಸಾಹಿತ್ಯದ ಮೇಲೋ ಏಕೀಕರಣದ ಮೇಲೋ ನಾಲ್ಕು ಮಾತು ಆಡಬಹುದೆಂದು ಅವರೇ ಸೂಚಿಸಿದ್ದರು. ಆ ವಿಷಯಗಳನ್ನು ಬಲ್ಲವರು ಹೇಳಿದರೇ ಚೆನ್ನ. ನಾವು ಮೆಟ್ರಿಕ್ ಮುಗಿಸಿ ಗಿರಣಿಯ ಕಚೇರಿಯಲ್ಲಿ ಹಾಜರಿ ಪುಸ್ತಕ, ಪಗಾರದ ಪಟ್ಟಿ ಬರೆಯುತ್ತಿರುವವರು. ಸಂಜೆ ಎರಡು ತಾಸು ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವವರು. ನಮಗೆ ಕೊಂಚ ಗೊತ್ತಿರುವ ವಿಷಯವೆಂದರೆ ಪರಸ್ಥಳದಲ್ಲಿ ಇರುಳು ತಲೆ ಊರಲು ಜಾಗ ಸಿಗುವ ಕಷ್ಟ. ಮುಂಬಯಿಯಲ್ಲಿ ಇರುವವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಕಷ್ಟವೇ ಬೇರೊಂದು ದೇಶದಲ್ಲಿ ಬೇರೊಂದು ವೇಷದಲ್ಲಿ ಹೇಗಿದೆ ಎಂಬುದನ್ನು ಈ ದಿನ ತಮ್ಮ ಮುಂದೆ ಇಡಬಯಸುತ್ತೇವೆ.

ದೇಶ ಅಮೇರಿಕ. ಅಲ್ಲಿ ಮೋಟಾರು ವ್ಯಾನನ್ನೇ ಮನೆ ಮಾಡಿಕೊಂಡು ಬದುಕುವ ಜನ ಬಹಳ ಇದ್ದಾರೆ. ಕ್ಯಾಂಪರ್ ವ್ಯಾನ್ ಎಂದು ಅದಕ್ಕೆ ಹೆಸರು. ಈ ಹೊತ್ತಿನ ಮಟ್ಟಿಗೆ ನಾವು ಬಿಡಾರದ ಗಾಡಿ ಎಂದು ಕರೆಯೋಣ. ಒಳಗೆ ಒಂದು ಹಾಸಿಗೆ, ಒಂದು ಒಲೆ, ನೀರಿನ ಡಬ್ಬಿ, ಬಟ್ಟೆಯ ಪೆಟ್ಟಿಗೆ. ಸಿನೆಮಾದಲ್ಲಿಯೂ ಜಾಹೀರಾತಿನಲ್ಲಿಯೂ ಇಂಥ ಗಾಡಿಯನ್ನು ಸಮುದ್ರದಂಡೆಯಲ್ಲಿ ನಿಲ್ಲಿಸಿಕೊಂಡು ಗಿಟಾರು ಬಾರಿಸುವ ತರುಣ ತರುಣಿಯರನ್ನು ತಾವು ಕಂಡಿರಬಹುದು. ಹಾಗೆ ಹವಾ ಬದಲಾವಣೆಗೆ ಹೊರಟವರೂ ಉಂಟು. ಅವರ ಮಾತು ಈ ದಿನ ಬೇಡ. ಮನೆಬಾಡಿಗೆ ಕೊಡಲಾರದೆ ಗಾಡಿ ಹತ್ತಿದವರ ಮಾತು ನಮಗೆ ಬೇಕಾದದ್ದು.

ಅಂಥವರಲ್ಲಿ ಹೆಸರಾದವರೊಬ್ಬರು ಬಾಬ್ ವೆಲ್ಸ್ ಎಂಬವರು. ಅವರೂ ನಮ್ಮಂತೆ ಗುಮಾಸ್ತರೇ. ಅಲಾಸ್ಕಾ ಪ್ರಾಂತದ ಒಂದು ದಿನಸಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. 1995ರಲ್ಲಿ ಸಂಸಾರ ಒಡೆದು, ಪಗಾರದ ದೊಡ್ಡ ಪಾಲು ಹೆಂಡತಿ ಮಕ್ಕಳಿಗೆ ಹೋಗಿ, ಉಳಿದುದರಲ್ಲಿ ಬಾಡಿಗೆ ಕಟ್ಟಲಾಗದೆ ಒಂದು ಹಳೆಯ ಟ್ರಕ್ಕನ್ನು ಕೊಂಡು ಅದರಲ್ಲಿ ಮಲಗತೊಡಗಿದರು. ಮೊದಲು ನಾಚಿಕೆಯಾಯಿತು, ಅತ್ತದ್ದೂ ಉಂಟು ಎಂದು ಅವರೇ ಹೇಳಿಕೊಂಡಿದ್ದಾರೆ. ಮುಂದೆ ತಮ್ಮಂಥವರಿಗೆ ದಾರಿ ತೋರಿಸುವುದನ್ನೇ ಕಾಯಕ ಮಾಡಿಕೊಂಡು, 2011ರಿಂದ ವರ್ಷಕ್ಕೊಮ್ಮೆ ಅರಿಜೋನಾ ಪ್ರಾಂತದ ಮರುಭೂಮಿಯಲ್ಲಿ ಇಂಥ ಗಾಡಿಯವರ ಸಮ್ಮೇಲನವನ್ನು ಆರಂಭಿಸಿದರು. 2008ರ ಆರ್ಥಿಕ ಕುಸಿತದಲ್ಲಿ ಮನೆ, ಕೂಡಿಟ್ಟ ಹಣ ಎರಡನ್ನೂ ಕಳೆದುಕೊಂಡ ವಯಸ್ಸಾದ ಜನ ಅಲ್ಲಿಗೆ ಬರತೊಡಗಿದರು. ಜೆಸ್ಸಿಕಾ ಬ್ರೂಡರ್ ಎಂಬ ಪತ್ರಕರ್ತೆ ಇವರೊಡನೆ ತಿರುಗಾಡಿ 2017ರಲ್ಲಿ 'ನೊಮ್ಯಾಡ್‌ಲ್ಯಾಂಡ್' ಎಂಬ ಪುಸ್ತಕ ಬರೆದರು. ಅದೇ ಹೆಸರಿನ ಚಿತ್ರಕ್ಕೆ 2021ರಲ್ಲಿ ಆಸ್ಕರ್ ಬಹುಮಾನ ಬಂದಿತು.

ಇನ್ನು ವಿಷಯಕ್ಕೆ ಬರೋಣ. ಗಾಡಿ ಕೊಳ್ಳುವುದು ದೊಡ್ಡ ಕಷ್ಟವಲ್ಲ, ನಡೆಸುವುದೂ ಅಲ್ಲ, ನಿಲ್ಲಿಸುವುದೇ ಕಷ್ಟ. ಗಾಡಿ ಓಡುತ್ತಿರುವವರೆಗೆ ಅದು ಎಲ್ಲರ ಗಾಡಿಯಂತೆ ಒಂದು ಗಾಡಿ. ಹೊತ್ತು ಮುಳುಗಿ ಯಂತ್ರ ಆರಿಸಿ ಒಳಗಿನವನು ಕಾಲು ಚಾಚಿದನೋ, ಆ ಕ್ಷಣದಿಂದ ಅದು ಮನೆ; ಇದು ಮನೆ ಕಟ್ಟುವ ಸ್ಥಳವೇ ಎಂದು ಕಾಯಿದೆ ಕೇಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಇವರಿಗೆ ಹಾಸಿಗೆಯೇನೋ ಉಂಟು, ಅದನ್ನು ಹಾಸುವ ನೆಲ ಇವರದಲ್ಲ.

ಲಾಸ್ ಏಂಜಲ್ಸ್ ಎಂಬ ದೊಡ್ಡ ಪಟ್ಟಣವನ್ನೇ ನೋಡಿರಿ. ಅಲ್ಲಿಯ ನಗರಸಭೆಯ ನಿಯಮದಂತೆ ಯಾವ ಗಾಡಿಯನ್ನೂ ಬೀದಿಯ ಒಂದೇ ಸ್ಥಳದಲ್ಲಿ 72 ತಾಸಿಗಿಂತ ಹೆಚ್ಚು ನಿಲ್ಲಿಸಿಡುವಂತಿಲ್ಲ. ಇದು ಎಲ್ಲರಿಗೂ ಅನ್ವಯಿಸುವ ನಿಯಮ, ದೂರುವಂತಿಲ್ಲ. ಬೀದಿ ಗುಡಿಸುವ ದಿನ ಆ ಮಗ್ಗುಲಿನಿಂದ ಗಾಡಿ ತೆಗೆಯಬೇಕು, ಅದೂ ಸರಿಯೇ. ಆಮೇಲೆ ಇನ್ನೊಂದು ನಿಯಮ ಉಂಟು: 22 ಅಡಿಗಿಂತ ಉದ್ದ ಅಥವಾ 84 ಅಂಗುಲಕ್ಕಿಂತ ಎತ್ತರದ ಗಾಡಿಯನ್ನು, ಫಲಕ ಹಾಕಿದ ಬೀದಿಗಳಲ್ಲಿ ನಡುರಾತ್ರಿ 2ರಿಂದ ಬೆಳಿಗ್ಗೆ 6ರವರೆಗೆ ನಿಲ್ಲಿಸಕೂಡದು. ಬಡವನ ಹೆಸರು ಆ ನಿಯಮದಲ್ಲಿ ಎಲ್ಲಿಯೂ ಇಲ್ಲ. ಅಂಗುಲ ಅಡಿಗಳ ಲೆಕ್ಕವಷ್ಟೇ. ಆದರೆ ನಡುರಾತ್ರಿ ಎರಡಕ್ಕೆ ಎತ್ತರದ ಗಾಡಿಯಲ್ಲಿ ಯಾರು ಇರುತ್ತಾರೆಂಬುದು ಬರೆದವರಿಗೂ ಗೊತ್ತು, ಓದಿದವರಿಗೂ ಗೊತ್ತು. ಆದ್ದರಿಂದಲೇ ಅನುಭವಸ್ಥರು ಎತ್ತರದ ಗಾಡಿಯನ್ನು ಬಿಟ್ಟು, ಕೊಳಾಯಿ ರಿಪೇರಿಯವರ ಗಾಡಿಯಂತೆ ಕಾಣುವ ಸಾದಾ ಬಿಳಿಯ ವ್ಯಾನನ್ನು ಹುಡುಕುವುದು. ಬೀದಿಯ ತುದಿಯಲ್ಲಿ ನೆಟ್ಟ ಫಲಕವನ್ನು ಪೂರ್ತಿ ಓದುವುದು ಈ ಬಾಳಿನ ಮೊದಲ ಪಾಠ. ಬೀದಿಯ ಒಂದು ಮಗ್ಗುಲಿಗೆ ಒಂದು ನಿಯಮ, ಎದುರು ಮಗ್ಗುಲಿಗೆ ಮತ್ತೊಂದು ನಿಯಮ ಇರುವುದೂ ಉಂಟು.

ಇವೆಲ್ಲ ಗಾಡಿಯನ್ನು ಕುರಿತ ನಿಯಮಗಳಾದವು. ಗಾಡಿಯೊಳಗೆ ಮಲಗುವವನನ್ನು ಕುರಿತ ನಿಯಮ ಬೇರೆಯೇ. ಅದೇ ಪಟ್ಟಣದಲ್ಲಿ 1983ರಿಂದ, ಬೀದಿಯಲ್ಲಿ ನಿಂತ ಗಾಡಿಯನ್ನು ವಾಸಸ್ಥಾನವಾಗಿ ಬಳಸಕೂಡದೆಂದು ಒಂದು ಉಪನಿಯಮವಿತ್ತು. ವಾಸಸ್ಥಾನವೆಂದರೆ ಏನು? ಹೊದಿಕೆ ಇದ್ದರೆ ವಾಸವೇ? ಸೀಟಿನ ಮೇಲೆ ಅನ್ನದ ಡಬ್ಬಿ ಇದ್ದರೆ? ಮಳೆ ಬಂದಾಗ ಒಳಗೆ ಕುಳಿತರೆ? ನಿಯಮ ಹೇಳಲಿಲ್ಲ, ಪೋಲೀಸರವನ ಮನಸ್ಸಿಗೆ ಬಂದಂತೆ ನಡೆಯಿತು. 2010ರಿಂದ ವೆನಿಸ್ ಎಂಬ ಭಾಗದಲ್ಲಿ ಇದರ ಮೇಲೆ ಕಟ್ಟುನಿಟ್ಟು ಹೆಚ್ಚಿತು. ಕೆಲವರು ಕೋರ್ಟಿಗೆ ಹೋದರು. 2014ರ ಜೂನಿನಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ, ಯಾವುದು ತಪ್ಪು ಯಾವುದು ಸರಿ ಎಂದು ಸಾಮಾನ್ಯನಿಗೆ ತಿಳಿಯದಷ್ಟು ಅಸ್ಪಷ್ಟವಾದ ನಿಯಮ ನಿಯಮವೇ ಅಲ್ಲವೆಂದು ಅದನ್ನು ರದ್ದುಮಾಡಿತು. ಗಾಡಿಯವರು ಗೆದ್ದರೆಂದು ತಾವು ಎಣಿಸಬಹುದು. ನಗರಸಭೆ ಸುಮ್ಮನೆ ಕೂಡಲಿಲ್ಲ. 2017ರಲ್ಲಿ ಸ್ಪಷ್ಟವಾದ ಹೊಸ ನಿಯಮವೇ ಬಂದಿತು: ಮನೆಗಳಿರುವ ಬೀದಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿಯಲ್ಲಿ ವಾಸ ಸಲ್ಲದು, ಶಾಲೆ, ಉದ್ಯಾನ, ಶಿಶುವಿಹಾರಗಳ ಬಳಿ ಹಗಲೂ ಸಲ್ಲದು. ನಗರಸಭೆ ಯಾವ ಬೀದಿಗಳಲ್ಲಿ ನಿಲ್ಲಬಹುದೆಂದು ನಕಾಶೆಯನ್ನೂ ಹೊರಡಿಸಿತು. ನಿಯಮಕ್ಕೆ ಕೆಲವು ವರ್ಷಗಳ ಗಡುವು ಮಾತ್ರ ಇತ್ತು. ಅದು ಇದ್ದಷ್ಟು ಕಾಲ ಗಾಡಿಯವರು ಹೆಚ್ಚಾಗಿ ಕಾರಖಾನೆ, ಗೋದಾಮುಗಳ ಬೀದಿಗಳಿಗೆ ಸರಿಯಬೇಕಾಯಿತು. ಆ ಬೀದಿಗಳಲ್ಲಿ ನಿಲ್ಲುವುದು ಕಾಯಿದೆಗೆ ಒಪ್ಪಿಗೆ. ರಾತ್ರಿ ಅಲ್ಲಿ ದೀಪವೂ ಇಲ್ಲ, ಜನಸಂಚಾರವೂ ಇಲ್ಲ. ಕಾಯಿದೆಗೆ ಒಪ್ಪುವ ಜಾಗ ಕ್ಷೇಮದ ಜಾಗವಲ್ಲ, ಕ್ಷೇಮದ ಜಾಗ ಕಾಯಿದೆಗೆ ಒಪ್ಪುವುದಿಲ್ಲ. ಇಡೀ ಸಮಸ್ಯೆಯ ಗಂಟು ಇರುವುದು ಇಲ್ಲಿಯೇ.

ಗಾಡಿಯನ್ನು ಎಳೆದೊಯ್ದರೆ ಏನಾಗುತ್ತದೆ? ನಮ್ಮ ಊರಿನಲ್ಲಿ ಸ್ಕೂಟರನ್ನು ಎತ್ತಿಕೊಂಡು ಹೋದರೆ ದಂಡ ಕಟ್ಟಿ, ಬೈದುಕೊಂಡು, ಲೋಕಲ್ ಹಿಡಿದು ಮನೆಗೆ ಬರುತ್ತೇವೆ. ಮನೆಯೇ ಎತ್ತಿಕೊಂಡು ಹೋದರೆ? ಸಿಯಾಟಲ್ ಎಂಬ ಪಟ್ಟಣದಲ್ಲಿ 2016ರ ಅಕ್ಟೋಬರಿನಲ್ಲಿ ಹೀಗೆ ನಡೆಯಿತು. ಲಾಂಗ್ ಎಂಬ ಕಸುಬುದಾರ ತನ್ನ ಟ್ರಕ್ಕಿನಲ್ಲಿಯೇ ವಾಸವಾಗಿದ್ದ. ದುಡಿಯುವ ಹತ್ಯಾರಗಳೂ ಅದರಲ್ಲಿಯೇ. ಗಾಡಿ ಕೆಟ್ಟದ್ದರಿಂದ ನಗರಸಭೆಯ ಒಂದು ಬಯಲಿನಲ್ಲಿ ನಿಲ್ಲಿಸಿಕೊಂಡಿದ್ದ. ಅಲ್ಲಿಯೂ 72 ತಾಸಿನ ನಿಯಮವೇ. ಎಚ್ಚರಿಕೆಯ ಚೀಟಿ ಅಂಟಿಸಿದರು. ಅವಧಿ ಮುಗಿದ ಮೇಲೆ, ಅವನು ಕೆಲಸಕ್ಕೆ ಹೋಗಿದ್ದಾಗ ಎಳೆದುಕೊಂಡು ಹೋದರು. ರಾತ್ರಿ ಪಾಳಿ ಮುಗಿಸಿ ಬಂದು ನೋಡಿದರೆ ಗಾಡಿ ಇಲ್ಲ, ಹಾಸಿಗೆ ಇಲ್ಲ, ಹತ್ಯಾರವಿಲ್ಲ. ಆ ರಾತ್ರಿ ಅವನು ಹೊರಗೆ ನೆಲದ ಮೇಲೆ ಮಲಗಿದ. ಹತ್ಯಾರವಿಲ್ಲದೆ ಬಂದ ಕೆಲಸವೂ ತಪ್ಪಿತು. ಗಾಡಿ ಬಿಡಿಸಿಕೊಳ್ಳಲು ಎಳೆದ ಕೂಲಿ, ಇಟ್ಟ ಬಾಡಿಗೆ ಎಲ್ಲ ಸೇರಿ 550 ಡಾಲರಿಗೂ ಮೇಲ್ಪಟ್ಟು ಹಣ; ಅವನ ತಿಂಗಳ ಗಳಿಕೆಯೇ ಹೆಚ್ಚು ಕಡಿಮೆ ಅಷ್ಟು. ತಿಂಗಳಿಗೆ 50 ಡಾಲರಿನ ಕಂತು ಗೊತ್ತುಮಾಡಿ, ಕಟ್ಟುವೆನೆಂದು ಬರೆಸಿಕೊಂಡು ಬಿಟ್ಟರು.

ಲಾಂಗ್ ಸುಮ್ಮನಿರಲಿಲ್ಲ. ಆ ಪ್ರಾಂತದಲ್ಲಿ ಸಾಲಗಾರನ ವಾಸದ ಮನೆಯನ್ನು ಕಸಿದುಕೊಳ್ಳಕೂಡದೆಂದು ಒಂದು ಹಳೆಯ ಕಾಯಿದೆ ಉಂಟು. ನಾನು ವಾಸಿಸುವುದು ಟ್ರಕ್ಕಿನಲ್ಲಿ, ಆದ್ದರಿಂದ ಟ್ರಕ್ಕೇ ನನ್ನ ಮನೆ ಎಂದು ಅವನ ವಕೀಲರು ವಾದಿಸಿದರು. ಐದು ವರ್ಷ ನಡೆದ ಮೊಕದ್ದಮೆಯಲ್ಲಿ 2021ರ ಆಗಸ್ಟಿನಲ್ಲಿ ವಾಷಿಂಗ್ಟನ್ ಪ್ರಾಂತದ ಪರಮೋಚ್ಚ ನ್ಯಾಯಾಲಯ ಒಮ್ಮತದಿಂದ ತೀರ್ಪು ಕೊಟ್ಟಿತು. ವಾಸಿಸುವ ಗಾಡಿ ಮನೆಯೇ ಸರಿ. ಮತ್ತು ಕೊಡಲಾರದವನ ಮೇಲೆ ಅಷ್ಟು ಹಣ ಹೇರಿದ್ದು ಅತಿಯಾದ ದಂಡ, ಸಂವಿಧಾನಕ್ಕೆ ವಿರೋಧ ಎಂದಿತು. ಎಳೆದೊಯ್ದುದೇ ತಪ್ಪೆಂದು ಮಾತ್ರ ನ್ಯಾಯಾಲಯ ಹೇಳಲಿಲ್ಲ. ಇದನ್ನು ಗಮನಿಸಬೇಕು. ಗಾಡಿ ಮನೆಯೆಂದು ಒಪ್ಪಿದ ನ್ಯಾಯಾಧೀಶರೂ, ಆ ಮನೆ ಎಲ್ಲಿ ನಿಲ್ಲಬಹುದೆಂದು ತೋರಿಸಲಿಲ್ಲ. ಅದು ಅವರ ಮುಂದಿದ್ದ ಪ್ರಶ್ನೆಯೂ ಅಲ್ಲ.

ಇದರ ಮೇಲೆ 2024ರ ಜೂನಿನಲ್ಲಿ ದೇಶದ ಅತ್ಯುಚ್ಚ ನ್ಯಾಯಾಲಯದ ತೀರ್ಪೊಂದು ಬಂದಿತು. ಆರೆಗನ್ ಪ್ರಾಂತದ ಗ್ರಾಂಟ್ಸ್ ಪಾಸ್ ಎಂಬ ಸಣ್ಣ ಊರಿನಲ್ಲಿ ಸಾರ್ವಜನಿಕ ಸ್ಥಳದಲ್ಲಿ ಹೊದ್ದು ಮಲಗಿದರೆ 295 ಡಾಲರ್ ದಂಡ. ಮರಳಿ ಮರಳಿ ಮಲಗಿದರೆ ಸೆರೆಮನೆ. ದಾವೆ ಹೂಡಿದವರಲ್ಲಿ ವ್ಯಾನಿನಲ್ಲಿ ವಾಸಿಸುವ ಹೆಂಗಸೊಬ್ಬಳೂ ಇದ್ದಳು. ಮಲಗಲು ಬೇರೆ ಸ್ಥಳವೇ ಇಲ್ಲದವನನ್ನು ಮಲಗಿದ್ದಕ್ಕಾಗಿ ಶಿಕ್ಷಿಸುವುದು ಕ್ರೌರ್ಯವೆಂದು ಅವರ ವಾದ. ಆರು ಮಂದಿ ನ್ಯಾಯಾಧೀಶರು ಒಂದು ಕಡೆ, ಮೂವರು ಇನ್ನೊಂದು ಕಡೆ. ಊರಿನ ನಿಯಮವೇ ನಿಂತಿತು. ಅಲ್ಲಿಂದ ಮುಂದೆ ಅನೇಕ ಊರುಗಳು ಇಂಥ ನಿಯಮಗಳನ್ನು ಬಿಗಿಮಾಡಿವೆ.

ಈ ತೀರ್ಪನ್ನು ಓದುವಾಗ ನಮಗೆ ನಮ್ಮ ಊರಿನದೇ ಒಂದು ಮೊಕದ್ದಮೆ ನೆನಪಿಗೆ ಬಂದಿತು. ಇಲ್ಲಿಯ ಹಿರಿಯರಲ್ಲಿ ಕೆಲವರು 1981ರ ಆ ಮಳೆಗಾಲವನ್ನು ಕಂಡವರೇ ಇದ್ದೀರಿ. ಫುಟ್‌ಪಾತಿನ ಜೋಪಡಿಗಳನ್ನು ಕಿತ್ತು, ಜನರನ್ನು ಅವರವರ ಊರಿಗೆ ಬಸ್ಸಿನಲ್ಲಿ ಕಳಿಸಬೇಕೆಂದು ಸರಕಾರ ಆಗ ಹೊರಟಿತ್ತು. 1961ರಲ್ಲಿ ಸೇಲಮಿನಿಂದ ಬಂದಿದ್ದ ನೆಲವಿಲ್ಲದ ಕೂಲಿಗಾರನೊಬ್ಬನನ್ನು ಹೆಂಡತಿ ಮಕ್ಕಳೊಡನೆ ಸೇಲಮಿಗೆ ಸಾಗಿಸಿದರು. ಕೆಲಸ ಇಲ್ಲಿರುವುದರಿಂದ ಅವನು ಮರಳಿ ಇಲ್ಲಿಗೇ ಬಂದ. ಓಲ್ಗಾ ಟೆಲಿಸ್ ಎಂಬ ಪತ್ರಕರ್ತೆಯ ಹೆಸರಿನಲ್ಲಿ ಪ್ರಸಿದ್ಧವಾದ ಆ ಮೊಕದ್ದಮೆಯಲ್ಲಿ 1985ರ ಜುಲೈ 10ರಂದು ಸುಪ್ರೀಂ ಕೋರ್ಟು, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಹೇಳಿತು. ಎಂಥ ದೊಡ್ಡ ಮಾತು! ಆದರೆ ಫುಟ್‌ಪಾತಿನಲ್ಲಿ ಮನೆ ಮಾಡುವ ಹಕ್ಕು ಯಾರಿಗೂ ಇಲ್ಲವೆಂದೂ, ತಕ್ಕ ನೋಟೀಸು ಕೊಟ್ಟು ತೆಗೆಯಬಹುದೆಂದೂ ಅದೇ ತೀರ್ಪಿನಲ್ಲಿ ಇದೆ. ಮಳೆಗಾಲ ಕಳೆಯಲೆಂದು ಅಕ್ಟೋಬರ್ 31ರವರೆಗೆ ತಡೆ ಕೊಟ್ಟರು. ಸಿಯಾಟಲಿನ ತೀರ್ಪಿಗೂ ಇದಕ್ಕೂ ಹೋಲಿಕೆ ಕಾಣುತ್ತದಲ್ಲವೇ?

ಹಾಗಾದರೆ ಆ ಜನ ನಿಲ್ಲುವುದಾದರೂ ಎಲ್ಲಿ? ಈ ನೆಲ ಯಾರದು ಎಂಬ ಪ್ರಶ್ನೆಯಿಂದ ಅವರು ಆರಂಭಿಸುತ್ತಾರೆ.

ಸರಕಾರಿ ಬಯಲು ಅಲ್ಲಿ ಅಪಾರವಾಗಿದೆ. ಭೂ ನಿರ್ವಹಣಾ ಇಲಾಖೆಯೊಂದರ ಕೈಯಲ್ಲಿಯೇ ಸುಮಾರು 24.5 ಕೋಟಿ ಎಕರೆ. ನಮ್ಮ ಕರ್ನಾಟಕದಂಥ ಐದು ರಾಜ್ಯಗಳು ಅದರಲ್ಲಿ ಹಿಡಿಸಬಹುದು. ಹೆಚ್ಚಿನ ಭಾಗ ಪಶ್ಚಿಮದ ಮರುಭೂಮಿ, ಕುರುಚಲು. ಅದರ ಬಹುಭಾಗದಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ಬೀಡುಬಿಡಬಹುದು. ಸಾಮಾನ್ಯವಾದ ಕಟ್ಟಳೆ, 28 ದಿನಗಳ ಅವಧಿಯಲ್ಲಿ 14 ದಿನ ಮಾತ್ರ. ಆಮೇಲೆ ಗಾಡಿ ಕಿತ್ತುಕೊಂಡು ದೂರ ಹೋಗಬೇಕು. ಅನೇಕ ಕಡೆ 25 ಮೈಲು. ಸರಕಾರಿ ಕಾಡುಗಳಲ್ಲಿಯೂ ಹೆಚ್ಚು ಕಡಿಮೆ ಇದೇ ಲೆಕ್ಕ. ಅಲ್ಲಿ ತಂಗಬಹುದು, ಕಾಯಂ ವಾಸ ಮಾಡುವಂತಿಲ್ಲ ಎಂದು ಬೇರೆ ನಿಯಮವಿದೆ. ತಂಗುವುದಕ್ಕೂ ವಾಸಕ್ಕೂ ನಡುವಿನ ಗೆರೆ ಎಲ್ಲಿ ಎಂದರೆ ಕಾವಲಿನ ಅಧಿಕಾರಿ ನೋಡಿದಲ್ಲಿ.

ಚಳಿಗಾಲ ಕಳೆಯಲು ಬಂದವರಿಗೆ ಇನ್ನೊಂದು ಏರ್ಪಾಡು ಉಂಟು. ಅರಿಜೋನಾದ ಕ್ವಾರ್ಟ್‌ಸೈಟ್ ಎಂಬ ಊರಿನ ಹತ್ತಿರ ಅದೇ ಇಲಾಖೆಯವರು 1983ರಿಂದ ದೀರ್ಘಕಾಲದ ಬೀಡನ್ನು ನಡೆಸುತ್ತಿದ್ದಾರೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಏಳು ತಿಂಗಳು. ಬಹಳ ವರ್ಷಗಳ ಕಾಲ ಇಡೀ ಅವಧಿಗೆ 180 ಡಾಲರ್ ತೆಗೆದುಕೊಳ್ಳುತ್ತಿದ್ದರು. ನೀರು ತುಂಬಿಕೊಳ್ಳಬಹುದು, ಹೊಲಸು ಸುರಿಯಲು ಸ್ಥಳವಿದೆ, ಕಸ ಹಾಕಲು ಜಾಗವಿದೆ. ಏಳು ತಿಂಗಳು ಯಾರೂ ಬಂದು ಕಿಟಕಿ ತಟ್ಟುವುದಿಲ್ಲ. ಈ ಊರಿನ ವಿಷಯವಾಗಿ ಒಂದು ಮಾತು. ಅಲ್ಲಿಯ ಸ್ಮಶಾನದಲ್ಲಿ ಹಾಜಿ ಅಲಿ ಎಂಬ ಒಂಟೆಯವನ ಗೋರಿ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೇರಿಕದ ಸೈನ್ಯ ಮರುಭೂಮಿ ದಾಟಲು ಪಶ್ಚಿಮ ಏಷ್ಯದಿಂದ ಒಂಟೆಗಳನ್ನು ತರಿಸಿದಾಗ ಅವುಗಳೊಡನೆ ಹೋದವನು. ಅಲ್ಲಿಯವರ ಬಾಯಲ್ಲಿ ಹೈ ಜಾಲಿ ಆದ. ಗೋರಿಯ ತುದಿಯಲ್ಲಿ ಲೋಹದ ಒಂದು ಒಂಟೆ ನಿಂತಿದೆ. ನಮ್ಮ ವರ್ಲಿಯ ಹಾಜಿ ಅಲಿಗೂ ಇವನಿಗೂ ಸಂಬಂಧವಿಲ್ಲ. ಹೊಟ್ಟೆಪಾಡಿಗೆ ದೂರ ಹೋದವನ ಹೆಸರು ಹೇಗೆ ತಿರುಚಿಕೊಳ್ಳುತ್ತದೆ ಎಂಬುದು ಮಾತ್ರ ನಮಗೂ ಗೊತ್ತಿರುವ ಸಂಗತಿ. ನಮ್ಮ ಹಾಜರಿ ಪುಸ್ತಕದಲ್ಲಿಯೇ ಅಂಥ ಹೆಸರುಗಳು ಎಷ್ಟೋ ಇವೆ.

ಮರುಭೂಮಿಯ ದೋಷವೆಂದರೆ ಅಲ್ಲಿ ಕೆಲಸವಿಲ್ಲ. ದಿನಗೂಲಿಯವನು ಪಟ್ಟಣದ ಹತ್ತಿರವೇ ಇರಬೇಕು. ಅವನಿಗೆ ಹೆದ್ದಾರಿಯ ವಿಶ್ರಾಂತಿ ಸ್ಥಳಗಳು ಉಂಟು. ದಣಿದ ಚಾಲಕ ಮಲಗಲೆಂದೇ ಅವನ್ನು ಕಟ್ಟಿದ್ದು. ಕ್ಯಾಲಿಫೋರ್ನಿಯಾದಲ್ಲಿ ದಿನಕ್ಕೆ 8 ತಾಸು, ಆರೆಗನ್ನಿನಲ್ಲಿ 12, ಟೆಕ್ಸಾಸಿನಲ್ಲಿ 24 ತಾಸು ನಿಲ್ಲಬಹುದು. ದೀಪವಿರುತ್ತದೆ, ಶೌಚಾಲಯವಿರುತ್ತದೆ, ಲಾರಿಗಳ ಸಂಚಾರವಿರುತ್ತದೆ. ಆಮೇಲೆ ವಾಲ್‌ಮಾರ್ಟ್ ಎಂಬ ದೊಡ್ಡ ಅಂಗಡಿಗಳ ಅಂಗಳ. ಬಿಡಾರದ ಗಾಡಿಯವರು ಒಂದು ರಾತ್ರಿ ನಿಂತರೆ ಬೇಡವೆನ್ನದ ವಾಡಿಕೆ ಅಲ್ಲಿ ಬಹುದಿನದಿಂದ ಇದೆ. ಬೆಳಿಗ್ಗೆ ಅವರು ಅಲ್ಲಿಯೇ ಹಾಲು ಬ್ರೆಡ್ಡು ಕೊಳ್ಳುತ್ತಾರಲ್ಲ! ಆದರೆ ಇದು ಹಕ್ಕಲ್ಲ. ಆಯಾ ಅಂಗಡಿಯ ಮ್ಯಾನೇಜರನ ಇಷ್ಟ, ಆಯಾ ಊರಿನ ನಿಯಮ. ತಿಳಿದವರು ಒಳಗೆ ಹೋಗಿ ಕೇಳಿ, ಯಾವ ಮೂಲೆಯಲ್ಲಿ ನಿಲ್ಲಲೆಂದು ತಿಳಿದುಕೊಂಡು ಬರುತ್ತಾರೆ. ಹೊರಗೆ ಕುರ್ಚಿ ಹಾಕಿ ಅಡಿಗೆ ಹೂಡುವವರು ತಮಗೂ ಹಿಂದೆ ಬರುವವರಿಗೂ ಬಾಗಿಲು ಮುಚ್ಚಿಸುತ್ತಾರೆ.

ನಮಗೆ ತುಂಬಾ ಮೆಚ್ಚಿಗೆಯಾದದ್ದು ಸಾಂತಾ ಬಾರ್ಬರಾ ಎಂಬ ಊರಿನ ಕ್ರಮ. 2004ರಲ್ಲಿ ಅಲ್ಲಿಯ ಒಂದು ಸೇವಾಸಂಸ್ಥೆಯವರು ಒಂದು ಸಾದಾ ಸಂಗತಿಯನ್ನು ಗಮನಿಸಿದರು: ಚರ್ಚಿನ ಅಂಗಳ, ಕಚೇರಿಯ ಅಂಗಳ, ನಗರಸಭೆಯ ವಾಹನಸ್ಥಳ, ಇವೆಲ್ಲ ರಾತ್ರಿ ಬರಿದಾಗಿರುತ್ತವೆ. ಒಡೆಯರ ಒಪ್ಪಿಗೆ ಪಡೆದು ಒಂದೊಂದು ಅಂಗಳಕ್ಕೆ ಕೆಲವೇ ಗಾಡಿಗಳಂತೆ ಹಂಚಿದರು. ಹೆಸರು ನೋಂದಾಯಿಸಿಕೊಂಡವರು ಸಂಜೆ ಬರಬೇಕು, ಬೆಳಿಗ್ಗೆ ಅಂಗಳ ಬಿಡಬೇಕು. ಜೊತೆಗೆ ಕೆಲಸ, ಬಾಡಿಗೆ ಮನೆ ಹುಡುಕಿಕೊಡುವ ಸಹಾಯ. ಅದನ್ನು ನೋಡಿ ಬೇರೆ ಪಟ್ಟಣಗಳೂ ಈ ಏರ್ಪಾಡು ಮಾಡಿವೆ. ಕಟ್ಟಡ ಕಟ್ಟಬೇಕಾಗಿಲ್ಲ, ಬೇಕಾದದ್ದು ಒಂದು ಬೀಗದ ಕೈ, ಒಂದು ಪಟ್ಟಿ, ಪ್ರತಿ ರಾತ್ರಿ ಬಂದು ನೋಡಿಹೋಗುವ ಒಬ್ಬ ಮನುಷ್ಯ. ವಾಚನಾಲಯ ನಡೆಸುವ ನಮಗೆ ಆ ಮೂರನೆಯದೇ ಎಲ್ಲಕ್ಕಿಂತ ದುರ್ಲಭವೆಂದು ತಿಳಿದಿದೆ.

ಕೆಲಸದ ಜೊತೆಗೇ ಜಾಗ ಸಿಗುವುದೂ ಉಂಟು. ಉತ್ತರದ ರೆಡ್ ರಿವರ್ ಕಣಿವೆಯಲ್ಲಿ ಅಕ್ಟೋಬರಿನಲ್ಲಿ ಸಕ್ಕರೆ ಬೀಟಿನ ಸುಗ್ಗಿ. 12 ತಾಸಿನ ಪಾಳಿ, ಚಳಿ, ಕೆಸರು. ಕಂಪನಿಯವರು ಗಾಡಿ ನಿಲ್ಲಿಸುವ ಸ್ಥಳದ ಖರ್ಚು ಕೊಡುತ್ತಾರೆ. ಅಮೆಜಾನ್ ಕಂಪನಿಯೂ 2008ರಿಂದ ಕೆಲವು ವರ್ಷ, ಹಬ್ಬದ ಹಂಗಾಮಿನಲ್ಲಿ ಗೋದಾಮಿನ ಕೆಲಸಕ್ಕೆ ಇಂಥ ಗಾಡಿಯವರನ್ನೇ ಕರೆಯುತ್ತಿತ್ತು. ಅರವತ್ತು ಎಪ್ಪತ್ತು ವಯಸ್ಸಿನವರು ಕಲ್ಲುನೆಲದ ಮೇಲೆ ದಿನಕ್ಕೆ ಹಲವು ಮೈಲು ನಡೆದು ಸಾಮಾನು ಹೆಕ್ಕುತ್ತಿದ್ದರು. ಆ ಪದ್ಧತಿ ಈಗ ನಿಂತಿದೆ. ಉದ್ಯಾನಗಳಲ್ಲಿ ಬೀಡಿನ ಮೇಲ್ವಿಚಾರಕನಾಗಿ ಶೌಚಾಲಯ ತೊಳೆದು, ರಸೀದಿ ಬರೆದು, ಅದಕ್ಕೆ ಬದಲಾಗಿ ಬಿಟ್ಟಿ ಜಾಗ ಪಡೆಯುವವರೂ ಅನೇಕರು. ಗಿರಣಿಯ ಚಾಳಿನಲ್ಲಿ ಇದ್ದವರಿಗೆ ಈ ಕೊಡುಕೊಳ್ಳುವಿಕೆಯ ರುಚಿ ಗೊತ್ತು. ಕೆಲಸ ಇರುವವರೆಗೆ ಸೂರು. ಕೆಲಸ ಹೋದ ದಿನ ಎರಡೂ ಒಟ್ಟಿಗೇ ಹೋಗುತ್ತವೆ. 1982ರ ಮುಷ್ಕರದ ಬಳಿಕ ಏನೇನಾಯಿತೆಂದು ಇಲ್ಲಿಯ ಹಿರಿಯರು ನಮಗಿಂತ ಚೆನ್ನಾಗಿ ಹೇಳಬಲ್ಲರು.

ಇನ್ನು ಕ್ಷೇಮದ ಮಾತು. ಅನುಭವಸ್ಥರು ರಾತ್ರಿ ಮಲಗುವ ಸ್ಥಳಕ್ಕೆ ಹಗಲೇ ಒಮ್ಮೆ ಹೋಗಿ ನೋಡಿ ಬರುತ್ತಾರೆ. ಅಡಿಗೆ, ಸ್ನಾನ ಎಲ್ಲ ಬೇರೆ ಕಡೆ ಮುಗಿಸಿ, ಕತ್ತಲಾದ ಮೇಲೆ ಬಂದು, ಬೆಳಕು ಹರಿಯುವಾಗ ಹೊರಟುಬಿಡುತ್ತಾರೆ. ಸ್ನಾನಕ್ಕಾಗಿ ವ್ಯಾಯಾಮಶಾಲೆಯ ಸದಸ್ಯರಾಗುವುದುಂಟು. ಬೆವರು ತೊಳೆಯುವುದಕ್ಕೇ ಹೊರತು ಬೆವರು ಸುರಿಸುವುದಕ್ಕಲ್ಲ! ಗಾಡಿಯ ಮೂತಿ ದಾರಿಯ ಕಡೆಗಿರಬೇಕು, ಚಾಲಕನ ಸೀಟಿನ ಮೇಲೆ ಏನೂ ಇರಬಾರದು, ಕೀಲಿ ಕೈಗೆ ಸಿಗುವಲ್ಲಿ ಇರಬೇಕು: ಬಾಗಿಲನ್ನು ಯಾರಾದರೂ ಅಲುಗಿಸಿದರೆ ಇಳಿಯದೆ ಹೊರಟುಹೋಗಲು. ಒಂಟಿ ಹೆಂಗಸರು ಈ ಮಾತನ್ನು ಬಹಳ ಒತ್ತಿ ಹೇಳುತ್ತಾರೆ. ಚಳಿಗೆ ಒಳಗೆ ಒಲೆ ಹಚ್ಚಿ ಕಿಟಕಿಗಳನ್ನೆಲ್ಲ ಮುಚ್ಚಿ ಮಲಗಿದವರು ಬೆಳಿಗ್ಗೆ ಏಳದೆ ಹೋದದ್ದುಂಟು. ಇಂಗಾಲದ ಮಾನಾಕ್ಸೈಡ್ ಎಂಬ ಆ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮಲ್ಲಿ ಮುಚ್ಚಿದ ಖೋಲಿಯಲ್ಲಿ ಇದ್ದಿಲ ಶಗಡಿ ಇಟ್ಟುಕೊಂಡು ಮಲಗುವವರಿಗೂ ಇದೇ ಮಾತು. ಕುಡಿದವನು ಗಾಡಿ ನಡೆಸದಿದ್ದರೂ, ಕೀಲಿಯೊಡನೆ ಒಳಗೆ ಮಲಗಿದ್ದರೆ ಅಲ್ಲಿಯ ಅನೇಕ ಪ್ರಾಂತಗಳಲ್ಲಿ ಅಪರಾಧಿಯೇ ಆಗುತ್ತಾನೆ.

ಊರಿನವರ ಆಕ್ಷೇಪವನ್ನೂ ಹೇಳಬೇಕು; ಇಲ್ಲದಿದ್ದರೆ ನ್ಯಾಯವಾಗದು. ಬಾಗಿಲ ಮುಂದೆ ಗಾಡಿ ನಿಂತು, ಬೆಳಿಗ್ಗೆ ಮೋರಿಯಲ್ಲಿ ಹೊಲಸು ಕಂಡರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ನ್ಯೂಜೀಲ್ಯಾಂಡ್ ದೇಶದವರು ಈ ಸಂಗತಿಯನ್ನೇ ಹಿಡಿದು ಕಾಯಿದೆ ಮಾಡಿದ್ದಾರೆ. 2011ರ ಕಾಯಿದೆ ಸಾರ್ವಜನಿಕ ನೆಲದಲ್ಲಿ ತಂಗಲು ಸಾಮಾನ್ಯವಾಗಿ ಅವಕಾಶ ಕೊಟ್ಟಿತು. 2023ರ ತಿದ್ದುಪಡಿ, ಗಾಡಿಯೊಳಗೆ ಕೂಡಿಸಿದ ಶೌಚದ ವ್ಯವಸ್ಥೆ ಇರಬೇಕೆಂದು ಬಿಗಿಮಾಡಿತು. ಮಲಗುವವನ ಬಡತನವನ್ನು ಅಳೆಯದೆ ಹೊಲಸನ್ನು ಅಳೆಯುವ ನಿಯಮ ನಮಗೆ ಹೆಚ್ಚು ಸರಿಯಾಗಿ ತೋರುತ್ತದೆ. ಶೌಚದ ಪೆಟ್ಟಿಗೆಗೂ ಹಣ ಬೇಕು, ಅದು ಬೇರೆ ಮಾತು.

ಒಂದು ಸಂಗತಿ ಉಳಿಯಿತು: ವಿಳಾಸ. ಗಾಡಿಯವನಿಗೆ ಟಪಾಲು ಎಲ್ಲಿಗೆ ಬರಬೇಕು? ಲೈಸೆನ್ಸು, ವಿಮೆ, ಬ್ಯಾಂಕು ಎಲ್ಲವೂ ಠಿಕಾಣಿ ಕೇಳುತ್ತವೆ. ಸೌತ್ ಡಕೋಟಾ ಎಂಬ ಪ್ರಾಂತದಲ್ಲಿ ಒಂದು ರಾತ್ರಿ ತಂಗಿದ ರಸೀದಿ ತೋರಿಸಿ, ಟಪಾಲು ಮುಂದೆ ಕಳಿಸುವ ಅಂಗಡಿಯ ವಿಳಾಸ ಕೊಟ್ಟು, ಚಾಲಕನ ಲೈಸೆನ್ಸು ಪಡೆಯಬಹುದು. ಆದ್ದರಿಂದ ಅಲ್ಲಿಯ ಕಾಗದಪತ್ರಗಳಲ್ಲಿ ಮಾತ್ರ ವಾಸಿಸುವ ಸಾವಿರಾರು ಮಂದಿ ಇದ್ದಾರೆ. ರೇಶನ್ ಕಾರ್ಡಿಗಾಗಿ ಖೋಲಿಯ ಮಾಲಿಕನ ಸಹಿಗೆ ಅಲೆದವರು ಇದನ್ನು ಕೇಳಿ ನಗುವುದು ನಮಗೆ ಕಾಣುತ್ತಿದೆ.

ನಮ್ಮಲ್ಲಿ ಟ್ಯಾಕ್ಸಿ, ಟೆಂಪೋ ನಡೆಸುವ ಸದಸ್ಯರು ಆರೇಳು ಮಂದಿ ಇದ್ದೀರಿ. ಗಾಡಿಯಲ್ಲಿಯೇ ರಾತ್ರಿ ಕಳೆಯುವವರೂ ಇದ್ದೀರಿ. ತಮಗೆ ಉಪಯೋಗವಾಗುವ ಒಂದು ವಿವರ ಹೇಳುತ್ತೇವೆ. ನಮ್ಮ ದೇಶದ 1988ರ ಮೋಟಾರು ವಾಹನ ಕಾಯಿದೆಯ 127ನೆಯ ಕಲಮಿನ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಯಾರೂ ನೋಡಿಕೊಳ್ಳದೆ 10 ತಾಸು ಅಥವಾ ಹೆಚ್ಚು ಬಿಟ್ಟ ಗಾಡಿಯನ್ನು, ಇಲ್ಲವೆ ನಿಲ್ಲಿಸಬಾರದೆಂದು ಗೊತ್ತುಮಾಡಿದ ಸ್ಥಳದಲ್ಲಿ ನಿಲ್ಲಿಸಿದ ಗಾಡಿಯನ್ನು, ಸಮವಸ್ತ್ರದಲ್ಲಿರುವ ಪೋಲೀಸ ಅಧಿಕಾರಿ ಎಳೆಯಿಸಬಹುದು. ಖರ್ಚು ಮಾಲಿಕನ ಮೇಲೆ. ಹತ್ತು ತಾಸಿನ ಆ ಮಾತು ನಿಲ್ಲಿಸಬಹುದಾದ ಜಾಗಕ್ಕೆ ಮಾತ್ರ. ನಿಷೇಧವಿದ್ದಲ್ಲಿ ಹತ್ತು ನಿಮಿಷವೂ ಇಲ್ಲ. ಹೆದ್ದಾರಿಯ ಓಡುವ ಪಟ್ಟಿಯಲ್ಲಿ ಲಾರಿ ನಿಲ್ಲಿಸಿ ಮಲಗುವುದಂತೂ ಬೇಡವೇ ಬೇಡ. ಹಿಂದಿನಿಂದ ಬರುವವನಿಗೆ ಕತ್ತಲಲ್ಲಿ ಕಾಣುವುದಿಲ್ಲ. ಢಾಬಾದ ಅಂಗಳದಲ್ಲಿಯೋ ಪೆಟ್ರೋಲು ಪಂಪಿನ ಬದಿಯಲ್ಲಿಯೋ ಕೇಳಿಕೊಂಡು ನಿಲ್ಲಿಸಿರಿ.

ಆ ಕಲಮಿನ ಕನ್ನಡ ಸಾರಾಂಶವನ್ನು ಒಂದು ಹಾಳೆಯಲ್ಲಿ ಬರೆದು ಸೂಚನಾ ಫಲಕಕ್ಕೆ ಅಂಟಿಸಿದ್ದೇವೆ. ಪಕ್ಕದಲ್ಲಿಯೇ ಅಮೇರಿಕದ ಪಶ್ಚಿಮ ಭಾಗದ ನಕಾಶೆ ಇದೆ. ಕ್ವಾರ್ಟ್‌ಸೈಟಿಗೂ ಸಿಯಾಟಲಿಗೂ ಕೆಂಪು ಗುರುತು ಹಾಕಿದ್ದೇವೆ. ವಾಚನಾಲಯದ ದೀಪ ಎಂಟೂವರೆಗೆ ಆರುತ್ತದೆ. ಇನ್ನೂ ಇಪ್ಪತ್ತು ನಿಮಿಷ ಇದೆ, ಕೇಳುವುದಿದ್ದವರು ಕೇಳಬಹುದು.